ಚಿಕ್ಕಸ್ವಾಮಿಯ ವಯಸ್ಕರ ಮನಶ್ಶಾಸ್ತ್ರ

ಗೌಡನಕಟ್ಟೆ ಕೊಪ್ಪಲಿನ ಡೇರಿಯಲ್ಲಿ ಹಾಲು ಅಳೆಯುತ್ತಿದ್ದ ಚಿಕ್ಕಸ್ವಾಮಿ ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಐದು ದಿನದ ಮಟ್ಟಿಗೆ ಶ್ರೀರಂಗಪಟ್ಟಣಕ್ಕೆ ಹೋಗಿಬಂದ. ಹೋಗುವಾಗ ಹಾಲು ಅಳೆಯುವವನಾಗಿ ಹೋದವನು ಬರುವಾಗ ಮನುಷ್ಯರ ಮನಸ್ಸನ್ನು ಅಳೆಯುವವನಾಗಿ ಬಂದ. ಹಾಗೆಂದು ಊರಿನವರು ಯಾರೂ ಹೇಳಲಿಲ್ಲ, ಅವನೇ ಹೇಳಿಕೊಂಡ.

ಆದದ್ದು ಇಷ್ಟೆ. ಆ ವರ್ಷ ಸಾಕ್ಷರತಾ ಆಂದೋಲನ ಊರೂರಿಗೂ ಬಂದಿತ್ತು. ಓದು ಬರಹ ಬಾರದ ದೊಡ್ಡವರಿಗೆ ಅಕ್ಷರ ಕಲಿಸಲು ಊರಿಗೊಬ್ಬ ಸ್ವಯಂಸೇವಕ ಬೇಕಾಗಿತ್ತು. ಪಿಯುಸಿಯಲ್ಲಿ ಫೇಲಾಗಿ, ಫೇಲಾದ ಮೇಲೂ ಊರಲ್ಲೇ ಉಳಿದಿದ್ದವನು ಕೊಪ್ಪಲಿನಲ್ಲಿ ಚಿಕ್ಕಸ್ವಾಮಿ ಒಬ್ಬನೇ. ತರಬೇತಿಯ ಮೂರನೆಯ ದಿನ, ಪುಳಿಯೋಗರೆ ಊಟವಾದ ಮೇಲೆ, ಮೈಸೂರಿನಿಂದ ಬಂದಿದ್ದ ಉಪನ್ಯಾಸಕರೊಬ್ಬರು 'ವಯಸ್ಕರ ಮನಶ್ಶಾಸ್ತ್ರ' ಎಂಬ ವಿಷಯವಾಗಿ ಒಂದೂವರೆ ಗಂಟೆ ಮಾತಾಡಿದರು. ಅದರಲ್ಲಿ ಅರ್ಧ ಗಂಟೆ ಚಿಕ್ಕಸ್ವಾಮಿ ಎಚ್ಚರವಾಗಿದ್ದ. ಆ ಅರ್ಧ ಗಂಟೆಯಲ್ಲಿ ಮೂರು ಮಾತು ಬರೆದುಕೊಂಡ: ದೊಡ್ಡವರಿಗೆ 'ತಪ್ಪು' ಎನ್ನಬಾರದು, ಅವರ ಅನುಭವದಿಂದಲೇ ಪಾಠ ಶುರುಮಾಡಬೇಕು, ಅವರಿಗೆ ಏನು ಬೇಕೋ ಅದನ್ನೇ ಮೊದಲು ಕಲಿಸಬೇಕು. ನಾಲ್ಕನೆಯ ಮಾತಿನ ಜಾಗದಲ್ಲಿ ಒಂದು ಉದ್ದನೆಯ ಗೆರೆಯಿತ್ತು. ಪೆನ್ನು ಹಿಡಿದುಕೊಂಡೇ ತೂಕಡಿಸಿದ್ದರ ಗುರುತು ಅದು.

ಮನೆಗೆ ಬಂದವನು ಚೀಲ ಇಳಿಸುವ ಮೊದಲೇ ಹೆಂಡತಿಯನ್ನು ಕರೆದ.

"ಪುಟ್ಟಲಕ್ಷ್ಮಿ, ನಿಂಗೊತ್ತಾ? ನೀನೊಬ್ಳು ವಯಸ್ಕಳು ಕಣೆ."

ಪುಟ್ಟಲಕ್ಷ್ಮಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಐದ್ ದಿನ ಪಟ್ಣದಲ್ಲಿದ್ದು ಬಂದೇಟ್ಗೆ ನಾನು ವಯಸ್ಸಾದೋಳ್ ಆಗ್ಬುಟ್ನಾ? ಒಂದಪ ಕನ್ನಡೀಲಿ ನಿಮ್ ತಲೆ ನೋಡ್ಕಳಿ, ಆಮೇಲೆ ನಂಗೆ ಯೋಳಿ."

"ತಪ್ಪು ಅಂತ ಅನ್ನಾಕಿಲ್ಲ ನಾನು. ನಿನ್ನ ಅನುಭವ ಅದು," ಎಂದ ಚಿಕ್ಕಸ್ವಾಮಿ, ಶಾಸ್ತ್ರೋಕ್ತವಾಗಿ. ಅಂದು ಅವನಿಗೆ ಮುದ್ದೆಯ ಜೊತೆ ಸಾರು ಸಿಗಲಿಲ್ಲ.

ಮಾರನೆಯ ಸಂಜೆ ಡೇರಿಯ ಜಗಲಿಗೆ ಹನ್ನೊಂದು ಜನ ಸ್ಲೇಟು ಹಿಡಿದು ಬಂದರು. ಚಿಕ್ಕಸ್ವಾಮಿ ಕೈಕಟ್ಟಿ ನಿಂತು, "ನಾನು ಕಲ್ಸಾಕ್ ಬಂದಿಲ್ಲ. ಮೊದ್ಲು ನಿಮ್ ಅನುಭವ ಯೋಳಿ," ಎಂದ. ಹದಿನೈದು ವರ್ಷದಿಂದ ಇಂಥ ಮಾತಿಗೇ ಕಾದಿದ್ದವರಂತೆ ಜವರಪ್ಪ ಎದ್ದು ನಿಂತರು. ಎಪ್ಪತ್ತೊಂಬತ್ತರಲ್ಲಿ ಸಂತೆಬಾಚಹಳ್ಳಿಯ ಸಂತೆಯಿಂದ ತಾವು ಎತ್ತು ಕೊಂಡುತಂದ ಕಥೆ ಶುರುಮಾಡಿದರು. ತರಗತಿಯ ಹೊತ್ತು ಮುಗಿದರೂ ಎತ್ತು ಸಂತೆ ಬಿಟ್ಟಿರಲಿಲ್ಲ. ಎರಡನೆಯ ದಿನ ಎತ್ತು ಹಳ್ಳದಲ್ಲಿ ಮಲಗಿತು. ಮೂರನೆಯ ದಿನ ಎತ್ತೇನೋ ಮನೆ ಸೇರಿತು, ಕಲಿಯುವವರಲ್ಲಿ ಏಳು ಜನ ಅದಕ್ಕೂ ಮುಂಚೆಯೇ ಮನೆ ಸೇರಿದ್ದರು.

ನಾಲ್ಕನೆಯ ದಿನ ಕೊನೆಗೂ ಅಕ್ಷರಕ್ಕೆ ಕೈಯಿಟ್ಟರು. ಜವರಪ್ಪ 'ರ' ಬರೆದರು. ಅದು ತಲೆ ಕೆಳಗಾಗಿ ಬಿದ್ದ ಕುಡುಗೋಲಿನಂತೆ ಕಾಣುತ್ತಿತ್ತು.

"ಒಳ್ಳೆ ಪ್ರಯತ್ನ ಜವರಪ್ಪಣ್ಣ."

"ಪ್ರಯತ್ನ ಅತ್ಲಾಗ್ ಮಡಗು. ಸರಿಗೈತೋ ತಪ್ಪೈತೋ ಯೋಳ್ಲಾ."

"ದೊಡ್ಡೋರ ಬರವಣಿಗೇಲಿ ತಪ್ಪು ಅನ್ನಾದೇ ಇಲ್ಲ ಕಣಣ್ಣ. ಅಂಗಂತ ಶಾಸ್ತ್ರದಲ್ಲೇ ಐತೆ."

ಜವರಪ್ಪ ಸ್ವಲ್ಪ ಯೋಚಿಸಿದರು. "ನಾನ್ ಏನ್ ಬರುದ್ರೂ ತಪ್ಪಿಲ್ಲ ಅಂದ್ಮೇಲೆ ನಂಗಾಗ್ಲೇ ಬತ್ತದೆ ಅಂತಾಯ್ತು. ಬಂದಿರಾದ್ನ ಯಾಕ್ಲಾ ಕಲೀಲಿ?" ಎಂದು ಟವೆಲು ಕೊಡವಿ ಹೊರಟೇಹೋದರು. ಉಳಿದ ಮೂವರೂ ಅದೇ ತರ್ಕ ಹಿಡಿದು ಹಿಂಬಾಲಿಸಿದರು.

ಹಾಜರಿ ಪುಸ್ತಕದಲ್ಲಿ ಮೂವತ್ತು ಹೆಸರಿರಬೇಕೆಂದು ಮೇಲಿನವರು ಹೇಳಿ ಕಳಿಸಿದ್ದರು. ಜಗಲಿಯ ಮೇಲೆ ಇದ್ದದ್ದು ಒಂದು ಲಾಟೀನು, ಒಂದು ನಾಯಿ. ಚಿಕ್ಕಸ್ವಾಮಿ ತರಬೇತಿಯ ಮರ್ಯಾದೆ ಉಳಿಸಲು ಮೂವತ್ತು ಜನಕ್ಕೂ ದಿನಾ ಹಾಜರಿ ಹಾಕಿದ. ನಾಯಿಯನ್ನು ಮಾತ್ರ ಸೇರಿಸಲಿಲ್ಲ. ಅವನ ಅಪ್ರಾಮಾಣಿಕತೆಗೂ ಒಂದು ಮಿತಿಯಿತ್ತು ಎನ್ನುವುದಕ್ಕಾಗಿ ಇದನ್ನು ಹೇಳಬೇಕಾಯಿತು.

ಜನ ಬಾರದಿರುವುದಕ್ಕೆ ಕಾರಣ ಬೋರ್ಡು ಇಲ್ಲದಿರುವುದೇ ಎಂದು ಅವನಿಗೆ ಆಮೇಲೆ ಹೊಳೆಯಿತು. ಓದು ಬಾರದವರನ್ನು ಬೋರ್ಡು ಬರೆಸಿ ಕರೆಯುವ ಈ ಉಪಾಯದಲ್ಲಿ ಏನೋ ಒಂದು ಕೊರತೆಯಿದೆ ಎಂದು ಪುಟ್ಟಲಕ್ಷ್ಮಮ್ಮನಿಗೆ ಅನ್ನಿಸಿತು. ಆದರೆ ಶಾಸ್ತ್ರ ಕಲಿತವನ ಮುಂದೆ ಅವಳು ಬಾಯಿ ಬಿಡಲಿಲ್ಲ. ಚಿಕ್ಕಸ್ವಾಮಿ ಕೆ.ಆರ್. ಪೇಟೆಗೆ ಹೋಗಿ ಬೋರ್ಡು ಬರೆಯುವ ಮುಸವ್ವಿರನನ್ನು ಹಿಡಿದ. ಮುಸವ್ವಿರ್ ಅಲ್ಲಿನ ಟೆಂಟ್ ಸಿನಿಮಾಕ್ಕೆ ವಾರವಾರ ಬೋರ್ಡು ಬರೆಯುವವನು. ತಗಡು ನೋಡಿ ತಲೆಯಾಡಿಸಿದ.

"ಅರೆ ಚಿಕ್ಕಸ್ವಾಮಣ್ಣ, ತಗಡು ನೋಡಿದ್ರೆ ಮೂರಡಿ. ನೀವು ಯೋಳಾದು ಮೂರು ಮೈಲಿ. 'ವಯಸ್ಕರ ಶಿಕ್ಷಣ ಕೇಂದ್ರ' ಹಾಕ್ಲಾ, ಈ 'ಮನಶ್ಶಾಸ್ತ್ರ' ಹಾಕ್ಲಾ? ಎರಡೂ ಹಾಕಿದ್ರೆ ಅಕ್ಷರ ಇರುವೆ ಥರಾ ಆಯ್ತವೆ. ಖುದಾ ಕಸಮ್, ಯಾರ್ಗೂ ಕಾಣಕಿಲ್ಲ."

ಚಿಕ್ಕಸ್ವಾಮಿ ಹೆಚ್ಚು ಯೋಚಿಸಲಿಲ್ಲ. "ಶಿಕ್ಷಣ ಬುಟ್ಬುಡು," ಎಂದ.

ಮೂರು ದಿನದ ಮೇಲೆ ಬೋರ್ಡು ಬಂತು. ಮೇಲೆ ಹಳದಿ ಬಣ್ಣದಲ್ಲಿ 'ಶ್ರೀ ಚಿಕ್ಕಸ್ವಾಮಿ, ಮನಶ್ಶಾಸ್ತ್ರ ತಜ್ಞರು'. ಕೆಳಗೆ 'ಉಚಿತ'. ನಡುವೆ, ಕೈಗೆ ರೂಢಿಯಾಗಿದ್ದ ಕೆಂಪು ಬಣ್ಣದಲ್ಲಿ, ದಪ್ಪಕ್ಷರದಲ್ಲಿ 'ವಯಸ್ಕರಿಗೆ ಮಾತ್ರ'. ಪಕ್ಕದಲ್ಲಿ ಜ್ಞಾನದ ಸಂಕೇತವಾಗಿ ಒಂದು ತಲೆ, ಅದರೊಳಗೆ ಉರಿಯುವ ದೀಪ. ದೀಪ ಸ್ವಲ್ಪ ಜೋರಾಗಿ ಉರಿದುಬಿಟ್ಟದ್ದರಿಂದ ತಲೆಗೇ ಬೆಂಕಿ ಬಿದ್ದಂತೆ ಕಾಣುತ್ತಿತ್ತು.

ಬೋರ್ಡು ಸಂತೆಬಾಚಹಳ್ಳಿ ರಸ್ತೆಯಲ್ಲಿ, ಕೊಪ್ಪಲಿಗೆ ಬಸ್ಸಿಳಿಯುವ ಗೇಟಿನಲ್ಲಿ ನಿಂತಿತು. ಮೊದಲ ದಿನ ಪಕ್ಕದೂರಿನ ಇಬ್ಬರು ಪಡ್ಡೆ ಹುಡುಗರು ಕೆಂಪಕ್ಷರ ಓದಿ ಆಸೆಯಿಂದ ಜಗಲಿಗೆ ಬಂದು, 'ಅ ಆ ಇ ಈ' ಪಟ ನೋಡಿ ಬೈದುಕೊಂಡು ಹೋದರು. ಕೊಪ್ಪಲಿನವರಿಗಂತೂ ಅದನ್ನು ಓದಲು ಬರುತ್ತಿರಲಿಲ್ಲ. ಸರಿಯಾಗಿ ಓದಿದವನು ಆ ರಸ್ತೆಯ ಬಸ್ಸಿನ ಕಂಡಕ್ಟರ್ ಲೋಕೇಶ ಒಬ್ಬನೇ. ಓದಿದ್ದು ಸರಿಯಾಗಿಯೇ, ಅರ್ಥ ಮಾಡಿಕೊಂಡದ್ದು ತನಗೆ ತೋಚಿದಂತೆ. ಅಂದಿನಿಂದ ಅವನು ಗೇಟು ಬಂದಾಗಲೆಲ್ಲ ಸೀಟಿ ಊದಿ, "ಯಾರ್ರೀ ತಲೆ ಡಾಕ್ಟ್ರು ಗೇಟು? ತಲೆ ಕೆಟ್ಟೋರೆಲ್ಲ ಇಳ್ಕಳಿ!" ಎಂದು ಕೂಗತೊಡಗಿದ.

ಇಳಿದರು. ಮೊದಲು ಇಳಿದವಳು ಪಾರ್ವತಮ್ಮ ಎಂಬ ಹೊಸಹೊಳಲಿನ ಹೆಂಗಸು. ಹಿಂದೆ ಅವಳ ಗಂಡ.

"ಸ್ವಾಮೇರ, ಇವ್ರು ಎರಡು ವರ್ಸದಿಂದ ಗೋಡೆ ಜೊತೆ ಮಾತಾಡ್ತರೆ. ವಸಿ ನೋಡಿ."

"ಅಮ್ಮಾ, ನಾನು ಡಾಕ್ಟರಲ್ಲ."

ಪಾರ್ವತಮ್ಮ ಗಂಡನ ಕಡೆ ತಿರುಗಿದಳು. "ನೋಡಿದ್ರಾ? ದೊಡ್ಡ ಡಾಕ್ಟ್ರುಗೋಳು ಇಂಗೇ ಯೋಳಾದು. ಡಾಕ್ಟ್ರು ಅಂತ ಕೊಚ್ಕಳೋರೆಲ್ಲ ಕಳ್ರು."

ಇಷ್ಟು ಗೌರವ ಚಿಕ್ಕಸ್ವಾಮಿಗೆ ಹಾಲು ಅಳೆದ ಹತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಹಾಲು ಅಳೆದವನಿಗೆ ಸಿಕ್ಕುತ್ತಿದ್ದುದು, ನೀರು ಅಂತ ಬರೆದೆಯಲ್ಲೋ ನಿನ್ ವಂಶ ಹಾಳಾಗ, ಎಂಬ ಮಾತು. ಗಂಟಲು ಸರಿಮಾಡಿಕೊಂಡು ಆ ಗಂಡಸಿಗೆ, "ನಿಮ್ ಅನುಭವ ಯೋಳಿ," ಎಂದ. ಆತ ಎರಡು ಗಂಟೆ ಹೇಳಿದ. ನಡುವೆ ಚಿಕ್ಕಸ್ವಾಮಿ ಒಮ್ಮೆಯೂ 'ತಪ್ಪು' ಎನ್ನಲಿಲ್ಲ. ಕೊನೆಗೆ ಆತ ಕಣ್ಣೊರೆಸಿಕೊಂಡು, "ನನ್ ಮಾತ ಕೇಳ್ದೋನು ಗೋಡೆ ಬುಟ್ರೆ ನೀನೇ ಕಣಪ್ಪ," ಎಂದು ಕೈಮುಗಿದ. ವಾಸಿಯಾಯಿತು ಎಂದು ಪಾರ್ವತಮ್ಮ ಒಂದು ಡಜನ್ ತೆಂಗಿನಕಾಯಿ ಇಳಿಸಿ ಹೋದಳು.

ಆಮೇಲೆ ತಡೆಯಿರಲಿಲ್ಲ. ಪಾಂಡವಪುರದ ಕಡೆಯಿಂದ ದೇವರು ಮೈಮೇಲೆ ಬರುವವರು, ನಾಗಮಂಗಲದಿಂದ ಯಾವ ದೇವರೂ ಬಾರದೆ ಬೇಸತ್ತವರು, ರಿಟೈರಾದ ಮೇಲೂ ಬೆಳಿಗ್ಗೆ ಐದಕ್ಕೆ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸುವ ಒಬ್ಬ ಮಿಲಿಟರಿ ಹವಾಲ್ದಾರ, ಎಲ್ಲರೂ ಬಂದರು. ಮನೆಯಲ್ಲಿ ಹುರುಳಿ, ಅವರೆ, ಕುಂಬಳಕಾಯಿ ತುಂಬಿದವು. ಪುಟ್ಟಲಕ್ಷ್ಮಮ್ಮ ಗಂಡನನ್ನು 'ಇವ್ರು' ಎನ್ನುವುದು ಬಿಟ್ಟು ಜನರೆದುರು 'ಡಾಕ್ಟ್ರು' ಎನ್ನತೊಡಗಿದಳು. ಅಕ್ಷರ ಕಲಿಯಲು ಮಾತ್ರ ಒಬ್ಬರೂ ಬರಲಿಲ್ಲ. ತಲೆ ಸರಿಯಿದ್ದವರು ಆ ಜಗಲಿಯ ಹತ್ತಿರ ಸುಳಿಯಲು ಹೆದರುತ್ತಿದ್ದರು.

ಹೀಗಿರುವಾಗ ಬಿಂಡಿಗನವಿಲೆ ಕಡೆಯ ಮಂಚಯ್ಯ ಎಂಬವನು ತನ್ನ ತಾಯಿ ದ್ಯಾವಮ್ಮನನ್ನು ಕರೆದುಕೊಂಡು ಬಂದ. ಅರವತ್ತು ದಾಟಿದ ಹೆಂಗಸು. ನೆಟ್ಟಗೆ ಕೂತು, ಚಿಕ್ಕಸ್ವಾಮಿಯನ್ನು ಹಾಲಿನ ಲೆಕ್ಕ ತಪ್ಪಿಸಿದವನನ್ನು ನೋಡುವಂತೆ ನೋಡಿದಳು.

"ಯುಗಾದಿಯಿಂದ ಬಾಯ್ ಬುಟ್ಟಿಲ್ಲ ಸಾರ್," ಎಂದ ಮಂಚಯ್ಯ. "ಕುರಿ ಮೇಯಿಸ್ತಳೆ, ಮುದ್ದೆ ಕಟ್ತಳೆ, ಉಣ್ತಳೆ. ಮಾತು ಅಂದ್ರೆ ಮಾತಿಲ್ಲ. ಊರೋರೆಲ್ಲ ನನ್ನೇ ಒಂಥರಾ ನೋಡ್ತರೆ."

"ಯುಗಾದೀಲಿ ಏನಾಯ್ತು?"

"ಏನಾಯ್ತದೆ? ಒಬ್ಬಟ್ಟು ಮಾಡಿದ್ವಿ," ಎಂದು ಮಂಚಯ್ಯ ಬಸ್ಸು ಬಂತೇನೋ ಎಂಬಂತೆ ರಸ್ತೆ ನೋಡಿದ. ವಾಸಿಯಾಗುವವರೆಗೆ ಇರಲೆಂದು ತಾಯಿಯನ್ನು ಕೊಪ್ಪಲಿನಲ್ಲೇ ಇದ್ದ ಅವಳ ತಂಗಿ ಚಿಕ್ಕಬೋರಮ್ಮನ ಮನೆಯಲ್ಲಿ ಬಿಟ್ಟು ಹೋದ.

ಚಿಕ್ಕಸ್ವಾಮಿಯ ಶಾಸ್ತ್ರವೆಲ್ಲ ಎದುರಿನವರ ಬಾಯಿಯನ್ನು ನಂಬಿಕೊಂಡಿತ್ತು. ಅನುಭವವನ್ನೇ ಹೇಳದವಳ ಮುಂದೆ ಅವನು ಮೂರು ಸಂಜೆ ಸುಮ್ಮನೆ ಕೂತ. ನಾಲ್ಕನೆಯ ಸಂಜೆ ತಡೆಯಲಾರದೆ ಸ್ಲೇಟು ಕೊಟ್ಟು, "ಬಾಯಲ್ಲಿ ಯೋಳ್ದಿದ್ರೆ ಬುಡವ್ವ, ಬರ್ದಾದ್ರೂ ಯೋಳು," ಎಂದ. ದ್ಯಾವಮ್ಮ ಸ್ಲೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳಿಗೆ ಅಕ್ಷರ ಬಾರದು ಎನ್ನುವುದು ಆಗ ಅವನಿಗೆ ಹೊಳೆಯಿತು. ಹೀಗೆ ಅಕ್ಷರ ಕಲಿಸಲು ಸರ್ಕಾರ ನೇಮಿಸಿದ್ದ ಮನುಷ್ಯ, ಬೇರೆ ದಾರಿಯಿಲ್ಲದೆ, ಒಬ್ಬರಿಗೆ ಅಕ್ಷರ ಕಲಿಸಲು ಕೂತ.

ಅವಳು ಕಲಿತಳು. ಬೇರೆಯವರ ಹಾಗೆ ಎತ್ತಿನ ಕಥೆ ಹೇಳಲಿಲ್ಲ, ಮಗಳ ಬಾಣಂತನ ಹೇಳಲಿಲ್ಲ. 'ಕ' ಎಂದರೆ ಕ. ಸಂಜೆ ಹೇಳಿದ್ದನ್ನು ಚಿಕ್ಕಬೋರಮ್ಮನ ಮನೆಯ ಗೋಡೆಯ ಮೇಲೆಲ್ಲ ಬೆಳಿಗ್ಗೆ ಇದ್ದಿಲಲ್ಲಿ ಬರೆದಿಡುತ್ತಿದ್ದಳು. "ಅಕ್ಕಂಗೆ ವಾಸಿಯಾಗಾದಿರ್ಲಿ, ನಮ್ಮನೆ ಗೋಡೆ ಕೆಡ್ತು," ಎಂದು ಚಿಕ್ಕಬೋರಮ್ಮ ಊರೆಲ್ಲ ಗೋಳಾಡಿದಳು.

ಎರಡು ತಿಂಗಳ ಮೇಲೆ ಒಂದು ಸಂಜೆ ದ್ಯಾವಮ್ಮ ತಾನೇ ಸ್ಲೇಟು ತೆಗೆದುಕೊಂಡು, ನಾಲಿಗೆ ಕಚ್ಚಿ, ಒಂದು ಸಾಲು ಬರೆದು ಅವನ ಕಡೆ ತಿರುಗಿಸಿದಳು.

'ವಲ ವೋಯ್ತು. ಎಬ್ಬೆಟ್ಟು ವತ್ತಿಸ್ಕಂಡ.'

ಚಿಕ್ಕಸ್ವಾಮಿ ಎರಡು ಸಲ ಓದಿದ. ಮೆಲ್ಲಗೆ ಕೇಳುತ್ತ ಹೋದ, ಅವಳು ತಲೆಯಾಡಿಸುತ್ತ, ಬರೆಯುತ್ತ ಹೋದಳು. ತವರಿನವರು ಅವಳಿಗೆಂದು ಕೊಟ್ಟಿದ್ದ ಎರಡು ಎಕರೆ ಹೊಲ. ಯುಗಾದಿಯ ಮಾರನೆಯ ದಿನ ಮಂಚಯ್ಯ, 'ಪಿಂಚಣಿ ಕಾಗದ ಕಣವ್ವ,' ಎಂದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಹೊಲ ಅವನ ಹೆಸರಿಗೆ ಹೋಗಿತ್ತು. ಅಂದಿನಿಂದ ಅವಳು ಮಾತು ನಿಲ್ಲಿಸಿದ್ದಳು. ಅವಳ ತಲೆಗೆ ಏನೂ ಆಗಿರಲಿಲ್ಲ. ಈವರೆಗೆ ಆ ಜಗಲಿಗೆ ಬಂದವರಲ್ಲಿ, ಜಗಲಿಯ ಯಜಮಾನನನ್ನೂ ಸೇರಿಸಿ, ತಲೆ ನೆಟ್ಟಗಿದ್ದದ್ದು ಅವಳದೊಂದೇ.

ಚಿಕ್ಕಸ್ವಾಮಿ ಮೂರು ಮಾತು ಬರೆದುಕೊಂಡಿದ್ದ ಪುಸ್ತಕ ತೆಗೆದು ನೋಡಿದ. ನಾಲ್ಕನೆಯ ಗೆರೆಯ ಹತ್ತಿರ ಏನಾದರೂ ಸಿಕ್ಕೀತೇ ಎಂದು ಹುಡುಕಿದ. ಏನೂ ಇರಲಿಲ್ಲ.

ಆ ವಾರವೇ ಮೌಲ್ಯಮಾಪನಕ್ಕೆ ಅಧಿಕಾರಿ ಬರುತ್ತಾರೆಂದು ಚೀಟಿ ಬಂತು. ಗುರುವಾರ ಸಂಜೆ ಮೂವತ್ತು ಜನ ಕಲಿತವರು ಹಾಜರಿರಬೇಕು. ಬುಧವಾರ ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕಲು ನಿಂತ ಸಾಲಿಗೆ ಚಿಕ್ಕಸ್ವಾಮಿ ವಯಸ್ಕರ ಮನಶ್ಶಾಸ್ತ್ರದ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಮಾತು ಹೇಳಿದ.

"ನಾಳೆ ಸಂಜೆ ಯಾರ್ ಬರಕಿಲ್ವೋ ಅವರ ಹಾಲಲ್ಲಿ ನಾಡಿದ್ದಿಂದ ಬರೀ ನೀರೇ ಇರ್ತದೆ."

ಗುರುವಾರ ಇಪ್ಪತ್ತಮೂರು ಜನ ಬಂದರು. ಕೊರತೆ ಬಿದ್ದ ಆರು ಜನಕ್ಕೆ ಹವಾಲ್ದಾರನನ್ನೂ ಸೇರಿಸಿ ಆರು ಜನ ರೋಗಿಗಳನ್ನು ಕೂರಿಸಿದ. ಮೂವತ್ತನೆಯವಳು ದ್ಯಾವಮ್ಮ.

ಅಧಿಕಾರಿ ಶಿವಶಂಕರ್ ಸಫಾರಿ ಸೂಟಿನಲ್ಲಿ ಜೀಪಿನಿಂದ ಇಳಿದರು. ಅಂದು ಅವರಿಗೆ ಅದು ಐದನೆಯ ಊರು. ಚಿಕ್ಕಸ್ವಾಮಿ ಪಾಠದ ಪುಸ್ತಕ ಮುಂದಿಟ್ಟ.

"ಸಾರ್, ಯಾರ ಕೈಲಿ ಓದಿಸ್ಲಿ?"

"ಓದಿಸೋದೆಲ್ಲ ಯಾಕ್ರೀ? ಟೈಮೆಲ್ಲಿದೆ?" ಎಂದು ಶಿವಶಂಕರ್ ಗಡಿಯಾರ ನೋಡಿದರು. "ಎಲ್ಲರಿಗೂ ಓದು ಬರಹ ಬಂದಿದೆ ತಾನೆ? ಸರಿ, ಹೆಬ್ಬೆಟ್ಟು ಹಾಕಿಸಿ."

ಚಿಕ್ಕಸ್ವಾಮಿ ಫಾರಂ ನೋಡಿದ. 'ಈ ಕೆಳಕಂಡವರು ಓದು ಬರಹ ಬಲ್ಲವರೆಂದು ದೃಢೀಕರಿಸಲಾಗಿದೆ' ಎಂದು ಮೇಲೆ ಅಚ್ಚಾಗಿತ್ತು. ಕೆಳಗೆ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು. ಕೊನೆಯ ಕಾಲಂ: 'ನವಸಾಕ್ಷರರ ಎಡಗೈ ಹೆಬ್ಬೆಟ್ಟಿನ ಗುರುತು'.

ಮಸಿ ಡಬ್ಬಿ ಸಾಲಿನಲ್ಲಿ ಹೊರಟಿತು. ಹಾಲಿನವರು ಒತ್ತಿದರು. ಜವರಪ್ಪ ಸಂತೋಷದಿಂದ ಎರಡು ಸಲ ಒತ್ತಿದರು. ಇಂಗ್ಲಿಷ್, ಹಿಂದಿ, ಕನ್ನಡ ಮೂರರಲ್ಲೂ ಸಹಿ ಮಾಡಬಲ್ಲ ಹವಾಲ್ದಾರ, ಮೇಲಧಿಕಾರಿಯ ಆಜ್ಞೆಯೆಂದು ಎದ್ದು ನಿಂತು, ಸೆಲ್ಯೂಟ್ ಹೊಡೆದು ಒತ್ತಿದ. ಡಬ್ಬಿ ದ್ಯಾವಮ್ಮನ ಮುಂದೆ ಬಂತು. ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಒತ್ತಮ್ಮಾ," ಎಂದರು ಶಿವಶಂಕರ್.

"ವತ್ತಾಕಿಲ್ಲ."

ಚಿಕ್ಕಬೋರಮ್ಮ ಎದೆಗೆ ಕೈಯಿಟ್ಟುಕೊಂಡು ಕಿರುಚಿದಳು. "ಅಯ್ಯೋ, ನಮ್ಮಕ್ಕ ಮಾತಾಡುದ್ಲು! ಡಾಕ್ಟ್ರು ವಾಸಿ ಮಾಡ್ಬುಟ್ರು!"

ಕೇಕೆ, ಚಪ್ಪಾಳೆ. ರೋಗಿಗಳು ಎದ್ದು ಬಂದು ಚಿಕ್ಕಸ್ವಾಮಿಯ ಕಾಲು ಮುಟ್ಟಿದರು. ಶಿವಶಂಕರ್ ಕಂಗಾಲಾದರು.

"ಏನ್ರೀ ಇದು? ಡಾಕ್ಟ್ರು ಯಾರು?"

"ಇವ್ರೇ ಸ್ವಾಮಿ, ತಲೆ ಡಾಕ್ಟ್ರು. ಹೊಸಹೊಳಲಲ್ಲಿ ಗೋಡೆ ಜೊತೆ ಮಾತಾಡೋನ್ನ ಒಂದೇ ದಿನಕ್ಕೆ ವಾಸಿ ಮಾಡವ್ರೆ," ಎಂದಳು ಚಿಕ್ಕಬೋರಮ್ಮ.

ಚಿಕ್ಕಸ್ವಾಮಿ ನೆಲ ಬಾಯಿ ಬಿಡಲೆಂದು ಕಾದ. ಶಿವಶಂಕರ್ ಅವನ ತೋಳು ಹಿಡಿದು ಕಂಬದ ಹಿಂದಕ್ಕೆ ಎಳೆದುಕೊಂಡು ಹೋದರು. ಕೆಲಸ ಹೋಯಿತೆಂದೇ ಅವನು ತಿಳಿದ. ಅಧಿಕಾರಿ ದನಿ ತಗ್ಗಿಸಿ, "ಡಾಕ್ಟ್ರೇ, ಕಣ್ಣು ಮುಚ್ಚಿದ್ರೆ ಸಾಕು ನನಗೆ ಬರೀ ಕಾಲಂ ಕಾಣಿಸ್ತವೆ. ಇದಕ್ಕೇನಾದ್ರೂ ಉಂಟಾ?" ಎಂದರು.

"ಏನೂ ತಪ್ಪಿಲ್ಲ ಸಾರ್. ನಿಮ್ಮ ಅನುಭವ ಅದು," ಎಂದ ಚಿಕ್ಕಸ್ವಾಮಿ. ಶಿವಶಂಕರ್ ಮುಖದಲ್ಲಿ ಎಷ್ಟೋ ವರ್ಷಗಳ ಭಾರ ಇಳಿಯಿತು.

ಅವರು ತಿರುಗಿ ಬಂದಾಗ ದ್ಯಾವಮ್ಮ ಹಾಗೆಯೇ ಕೂತಿದ್ದಳು. "ನಂಗೆ ಬರಿಯಾಕ್ ಬತ್ತದೆ. ಎಲ್ಲಿ ಬರೀಬೇಕು, ಜಾಗ ತೋರ್ಸಿ."

"ಬರಿಯೋಕೆ ಕಾಲಂ ಇಲ್ಲಮ್ಮ. ಓದು ಬಂದೋರು ಅಂದ್ರೆ ಹೆಬ್ಬೆಟ್ಟೇ ಒತ್ತಬೇಕು. ಫಾರಂ ಹಾಗೇ ಪ್ರಿಂಟಾಗಿದೆ."

ದ್ಯಾವಮ್ಮ ಸ್ಲೇಟಿನ ಮೇಲೆ ತನ್ನ ಹೆಸರು, ಊರು, ಗಂಡನ ಹೆಸರು ಬರೆದು ಅವರ ಮುಖದ ಹತ್ತಿರ ಹಿಡಿದಳು. ಶಿವಶಂಕರ್ ಓದಿದರು. ಚೆನ್ನಾಗಿದೆ ಎಂದೂ ಹೇಳಿದರು.

"ಆದ್ರೆ ಸ್ಲೇಟನ್ನ ಫೈಲಿಗೆ ಹಾಕೋಕಾಗಲ್ಲವಲ್ಲಮ್ಮ. ಗಾಡಿ ಹೊರಡಬೇಕು, ಒತ್ತಿಬಿಡು."

"ಒಂದ್ಸಲ ವತ್ತಿ ವಲ ಕಳ್ಕಂಡಿವ್ನಿ. ಇನ್ನೊಂದ್ಸಲ ವತ್ತಿ ಈ ಅಕ್ಸರಾನೂ ಕಳ್ಕಳನಾ?" ಎಂದಳು ದ್ಯಾವಮ್ಮ. ಆರು ತಿಂಗಳ ಮಾತು ಒಟ್ಟಿಗೆ ಹೊರಬಂದಿತು. ಹೊಲದ ಕಥೆ, ಪಿಂಚಣಿಯ ಸುಳ್ಳು, ಮಗನ ಹೆಸರು ಕೊಪ್ಪಲಿಗೆಲ್ಲ ಕೇಳಿಸಿತು. ಶಿವಶಂಕರ್ ಅಷ್ಟನ್ನೂ ತಾಳ್ಮೆಯಿಂದ ಕೇಳಿ, ಅವಳ ಹೆಸರಿನ ಮುಂದೆ, 'ಸಹಕರಿಸಲಿಲ್ಲ. ನಿರಕ್ಷರಿ' ಎಂದು ಬರೆದು ಜೀಪು ಹತ್ತಿದರು.

ಸುದ್ದಿ ಲೋಕೇಶನ ಬಸ್ಸು ಹತ್ತಿ ಬಿಂಡಿಗನವಿಲೆ ಮುಟ್ಟಿತು. ಎರಡು ದಿನದ ಮೇಲೆ ಮಂಚಯ್ಯ ಬಂದ. ತಾಯಿಯನ್ನು ಕಂಡು, ಅಲ್ಲಿಂದ ನೇರವಾಗಿ ಚಿಕ್ಕಸ್ವಾಮಿಯ ಮುಂದೆ ಬಂದು ನಿಂತ.

"ಏನ್ ಸಾರ್ ಇದು? ಅವ್ವ ಮಾತಾಡ್ಲಿ ಅಂತ ಬುಟ್ಟೋಗಿದ್ದು ನಾನು, ಓದ್ಲಿ ಅಂತಲ್ಲ. ಊರಲ್ಲಿ ತಲೆ ಎತ್ತಂಗಿಲ್ಲ. ಇಲ್ಲಿಗ್ ಬಂದ್ರೆ ವಲದ ಕಾಗ್ಜ ತತ್ತಾ, ನಾನೇ ಓದ್ತೀನಿ ಅಂತಳೆ!"

ಚಿಕ್ಕಸ್ವಾಮಿ ಅವನನ್ನು ನೋಡಿದ. ಅನುಭವ ಹೇಳು ಎನ್ನಲಿಲ್ಲ.

"ಮಂಚಯ್ಯ, ನೀನ್ ಮಾಡಿದ್ದು ತಪ್ಪು ಕಣ್ಲಾ," ಎಂದ.

ತರಬೇತಿಯಾದ ಮೇಲೆ ಅವನು ಒಬ್ಬರಿಗೆ ತಪ್ಪು ಎಂದು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅವನಿಗೆ ಎಷ್ಟು ಹಿತವಾಯಿತೆಂದರೆ ಇನ್ನೆರಡು ಸಲ ಹೇಳಿದ. ಮೂರನೆಯ ಸಲಕ್ಕೆ ಜವರಪ್ಪನವರೂ ದನಿಗೂಡಿಸಿದರು. ಹಾಲಿನ ಸಾಲಿನಲ್ಲಿ ನಿಂತಿದ್ದವರೆಲ್ಲ ಸೇರಿದ ಮೇಲೆ ಮಂಚಯ್ಯ ಬಗ್ಗಿದ. ಮುಂದಿನ ತಿಂಗಳು ನಾಗಮಂಗಲಕ್ಕೆ ಹೋಗಿ ಹೊಲವನ್ನು ತಾಯಿಯ ಹೆಸರಿಗೆ ತಿರುಗಿ ಬರೆದುಕೊಟ್ಟ. ದ್ಯಾವಮ್ಮ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದ್ದರಿಂದ ಆ ಕೆಲಸ ಮುಗಿಯಲು ಇಡೀ ದಿನ ಹಿಡಿಯಿತು. ಅಲ್ಲಿನ ಗುಮಾಸ್ತರು ಈಗಲೂ ಆ ದಿನವನ್ನು ನೆನೆದು ನಿಟ್ಟುಸಿರಿಡುತ್ತಾರೆ.

ಗೌಡನಕಟ್ಟೆ ಕೊಪ್ಪಲು, ಒಬ್ಬರನ್ನು ಬಿಟ್ಟು, ಸಂಪೂರ್ಣ ಸಾಕ್ಷರವೆಂದು ಘೋಷಣೆಯಾಯಿತು. ಕೆ.ಆರ್. ಪೇಟೆಯ ಸಭೆಯಲ್ಲಿ ಚಿಕ್ಕಸ್ವಾಮಿಗೆ ಶಾಲು ಹೊದಿಸಿದರು. ಬೇರೆ ಸ್ವಯಂಸೇವಕರಿಗೆ ವಯಸ್ಕರ ಮನಶ್ಶಾಸ್ತ್ರದ ಬಗ್ಗೆ ಒಂದೂವರೆ ಗಂಟೆ ಮಾತಾಡಲು ಕರೆ ಬಂತು. ಅವನು ಹೋದ. ಪುಳಿಯೋಗರೆ ಊಟವಾದ ಮೇಲೆ ಮಾತಾಡಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಆ ಒಬ್ಬರಿಗೆ ಒಂದು ತಿಂಗಳ ಮೇಲೆ ಅಂಚೆಯಲ್ಲಿ ಕಾಗದ ಬಂತು. ದ್ಯಾವಮ್ಮ ತಂಗಿಯ ಮನೆಯಲ್ಲೇ ಇದ್ದಳು. ಜೀವಮಾನದಲ್ಲಿ ಅವಳ ಹೆಸರಿಗೆ ಬಂದ ಮೊದಲ ಕಾಗದ. ಪೋಸ್ಟ್‌ಮ್ಯಾನ್, "ನಾನೇ ಓದಿ ಯೋಳ್ತೀನಿ ಕೊಡವ್ವ," ಎಂದ. ಅವಳು ಕೊಡಲಿಲ್ಲ. ಡೇರಿಯ ಜಗಲಿಗೆ ಬಂದು, ಹಾಲು ಹಾಕಲು ನಿಂತಿದ್ದವರ ಮುಂದೆ, ಬೆಳಕಿಗೆ ಹಿಡಿದು, ಗಟ್ಟಿಯಾಗಿ ಓದಿದಳು.

"ಶ್ರೀ-ಮತಿ ದ್ಯಾ-ಮವ್ವ-ನವರಿಗೆ. ಮೌ-ಲ್ಯ-ಮಾಪನದಲ್ಲಿ ತಾವು ನಿ-ರಕ್ಷರಿ ಎಂದು ಕಂಡು ಬಂದಿ-ರುತ್ತದೆ. ತಮಗೆ ಓದಲು, ಬರೆ-ಯಲು ಬಾರ-ದೆಂದು ಈ ಮೂಲಕ ತಿಳಿಸ-ಲಾಗಿದೆ."

ಚಿಕ್ಕಸ್ವಾಮಿ ಕೈಯಲ್ಲಿದ್ದ ಅಳತೆಯ ಲೀಟರು ಕೆಳಗಿಟ್ಟ.

ದ್ಯಾವಮ್ಮ ಕಾಗದವನ್ನು ಮತ್ತೊಮ್ಮೆ ಮೇಲಿಂದ ನೋಡಿ ಹುಬ್ಬು ಗಂಟಿಕ್ಕಿದಳು. "ಪೆನ್ನು ಕೊಡ್ಲಾ ಚಿಕ್ಕಸ್ವಾಮಿ," ಎಂದಳು. "ನನ್ನೆಸ್ರು ತಪ್ಪು ಬರ್ದವ್ರೆ."

ತಿದ್ದಿದಳು. ಪೋಸ್ಟ್‌ಮ್ಯಾನ್ ಕೈಗೆ ಕಾಗದ ಕೊಟ್ಟು, ಬರೆದವರಿಗೇ ವಾಪಸು ಮುಟ್ಟಿಸೆಂದು ಹೇಳಿ, ಹಾಲಿನ ಚೆಂಬು ಹಿಡಿದು ಸಾಲಿನಲ್ಲಿ ನಿಂತಳು.